ಓಯ್ತೀನಿ ಅಂದುಬಿಟ್ಟಳು

ಮನೆ ಬಿಟ್ಟು ಹೊರಡುವಾಗ ನೀವು ‘ಬರ್ತೀನಿ’ ಅಂತೀರೋ, ‘ಹೋಗ್ತೀನಿ’ ಅಂತೀರೋ? ನಿಜ ಹೇಳಿ, ನಾನೇನೂ ಬೈಯುವುದಿಲ್ಲ.

ಮದ್ದೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಒಂದೇ ಬೆರಳಿನಲ್ಲಿ ಫೋನಿನ ಮೇಲೆ ಇದನ್ನು ಒತ್ತುತ್ತಿದ್ದೇನೆ. ಮಳವಳ್ಳಿಯಿಂದ ಬಂದಿಳಿದು ಕೊಪ್ಪದ ಬಸ್ಸಿಗೆ ಕಾಯುತ್ತಿದ್ದಾಗ, ಜರ್ಮನಿಯಲ್ಲಿ ಓದುತ್ತಿರುವ ಮೊಮ್ಮಗಳು ರಚಿತಾ ಫೋನ್ ಮಾಡಿದಳು. ಉಂಡೆಯಾ, ಚಳಿಯಾ ಎಂದೆಲ್ಲ ಕೇಳಿದೆ. ಕೊನೆಗೆ ಅವಳು, “ಕ್ಲಾಸಿಗೆ ಹೊತ್ತಾಯ್ತು, ಓಯ್ತೀನಿ ಕಣಜ್ಜಿ” ಅಂದಳು.

ನನ್ನ ಎದೆ ಧಸಕ್ಕೆಂದಿತು. ನಮ್ಮ ಮನೆಯಲ್ಲಿ ಸಂತೆಗೆ ಹೊರಟವರೂ ‘ಬತ್ತೀನಿ’ ಅನ್ನುತ್ತಾರೆ. ವಾಪಸ್ಸು ಬಾರದವರು ಮಾತ್ರ ಹೋಗುವುದು. ಅಷ್ಟರಲ್ಲಿ ಕೊಪ್ಪದ ಬಸ್ಸು ಬಂತು, ನಾನು ಹತ್ತಲಿಲ್ಲ.

“ಯಾಕವ್ವಾ ಅಂಗಂದೆ? ಅಲ್ಲೇ ಇದ್ಬುಡ್ತೀಯಾ?”

“ಅಯ್ಯೋ, ಇಲ್ಲಿ ಬತ್ತೀನಿ ಅನ್ನಂಗಿಲ್ಲ ಕಣಜ್ಜಿ. ಮೊದಲ್ನೇ ವಾರ ರೂಮಿನವಳಿಗೆ ಇಂಗ್ಲಿಷಲ್ಲಿ ಅಂಗೇ ಅಂದ್ಬುಟ್ಟು ಕಾಲೇಜಿಗೆ ಒಂಟೋದೆ. ಈಗ್ಲೇ ಬತ್ತಾಳೆ ಅಂತ ಅವ್ಳು ಚಳೀಲಿ ಬಾಗ್ಲು ಇಡ್ಕಂಡು ನಿಂತಿದ್ಲಂತೆ. ಸಂಜೆ ನೋಡಿದ್ರೆ ಮಕ ಊದಿಸ್ಕಂಡವ್ಳೆ! ಆವತ್ತಿಂದ ನಾಲ್ಗೆ ತಿದ್ಕಂಡಿವ್ನಿ.”

“ಅವ್ರ ತಾವ ತಿದ್ಕೊ. ನನ್ ತಾವ ಬತ್ತೀನಿ ಅಂದ್ಬುಟ್ಟೇ ಫೋನ್ ಮಡುಗ್ಬೇಕು” ಎಂದೆ. ದನಿ ಗಟ್ಟಿಯಾಗೇ ಇತ್ತು.

ಅವಳು ನಕ್ಕುಬಿಟ್ಟಳು. “ಅಂಗಂದ್ರೆ ನೀನೂ ಬಾಗ್ಲು ತಕ್ಕಂಡು ಕೂತ್ಕತೀಯ. ಓದು ಮುಗಿಯಾಕೆ ಇನ್ನೂ ಎರಡ್ ವರ್ಸ ಐತೆ, ಮನೆ ತುಂಬಾ ಸೊಳ್ಳೆ ತುಂಬ್ಕತವೆ ಕಣಜ್ಜಿ!”