ಮೀನುಗಳ ಎದುರು ಉಣ್ಣುವ ಸಂಕಟ

ಮಿತ್ರರೇ, ನಮ್ಮ ಮನೆಯ ಉಪ್ಪುನೀರಿನ ಮೀನುತೊಟ್ಟಿಯಲ್ಲಿ ಪಾಚಿ ಏಕೆ ತಗ್ಗುತ್ತಿಲ್ಲವೆಂಬುದು ಇಂದು ಮಧ್ಯಾಹ್ನ ತಿಳಿಯಿತು. ನಾನು ಅಕ್ಕರೆಯಿಂದ ಬೆಳೆಸಿದ ಹವಳವನ್ನೇ ಅದು ಮುಚ್ಚತೊಡಗಿತ್ತು. ದೀಪ ತಗ್ಗಿಸಿದೆ, ನೀರು ಬದಲಿಸಿದೆ, ಕಲ್ಲುಗಳನ್ನು ಒಂದೊಂದಾಗಿ ತಿಕ್ಕಿದೆ, ಫಲವಿಲ್ಲ. ಮೀನು ತಿನ್ನದೆ ಬಿಟ್ಟ ಆಹಾರವೇ ಕೊಳೆತು ಪಾಚಿಗೆ ಗೊಬ್ಬರವಾಗುವುದರಿಂದ, ಮುಂಜಾನೆ ಒಂದು ಚಿಟಿಕೆ ಮಾತ್ರ ಹಾಕುತ್ತೇನೆ.

ಇಂದು ರೊಟ್ಟಿ ಮುರಿಯುವ ಮೊದಲು ನನ್ನ ಶ್ರೀಮತಿ ಎದ್ದುಹೋಗಿ ತೊಟ್ಟಿಗೆ ಒಂದು ಹಿಡಿ ಆಹಾರ ಸುರಿದರು!

"ಮುಂಜಾನಿ ನಾ ಹಾಕೇನಲ್ಲ!" ಎಂದೆ.

"ಗಾಜಿಗೆ ಮೂತಿ ಹಚ್ಚಿ ನಮ್ಮ ತಾಟ ನೋಡಾಕತ್ತಾವ್ರಿ. ಅವಕ್ಕ ಕೊಡದ ನಾವಷ್ಟ ಹ್ಯಾಂಗ ಉಣ್ಣೋದು?"

"ಹಂಗಾರ ದಿನಾ ರಾತ್ರಿ ಊಟಕ್ಕೂ ಹಾಕತೀಯೇನು?"

"ಚಹಾಕ್ಕೂ ಹಾಕತೇನಿ. ನಿಮ್ಹಂಗ ಕಲ್ಲಿನ ಎದಿ ನಂದಲ್ಲ."

ತುಂಬಿದ ತೊಟ್ಟಿಯನ್ನು ಊಟದ ಕೋಣೆಯಿಂದ ಅಲುಗಿಸುವಂತಿಲ್ಲ. ದೀರ್ಘ ಚರ್ಚೆಯ ಬಳಿಕ ಒಪ್ಪಂದವಾಯಿತು: ಇನ್ನು ಮುಂದೆ ಇಬ್ಬರೂ ಮೀನುಗಳಿಗೆ ಬೆನ್ನುಮಾಡಿ, ಗೋಡೆ ನೋಡುತ್ತ ಉಣ್ಣತಕ್ಕದ್ದು. ಊಟದ ಹೊತ್ತಿಗೆ ಮನೆಗೆ ಬರುವ ಮಿತ್ರರು, ಗಂಡಹೆಂಡಿರ ನಡುವೆ ಮಾತು ನಿಂತಿದೆಯೆಂದು ಧಾರವಾಡದ ತುಂಬ ಸುದ್ದಿ ಹಬ್ಬಿಸಬಾರದೆಂದು ವಿನಂತಿ.