ನಾಗಮ್ಮನ ಮಗನನ್ನು ಹುಡುಕಿದ ಬೇಸಿಗೆ

ಹಸಿಶುಂಠಿಯ ಜೊತೆ ಕರಿಬೇವು ಜಜ್ಜುವಾಗ ಏಳುವ ವಾಸನೆ ಮೂಗಿಗೆ ಬಡಿದರೆ ಸಾಕು, ಹೈದರಾಬಾದಿನ ತಾರ್ನಾಕದ ನಮ್ಮ ಹಳೆಯ ಮನೆಯ ಅಡುಗೆಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಕೆಂಪು ಗಾರೆಯ ನೆಲ, ಕಿಟಕಿಯಿಂದ ಒಳಗೆ ಬಿದ್ದ ಎಳೆಬಿಸಿಲು, ಕಾಲು ಚಾಚಿ ಕೂತು ದೊಡ್ಡ ಪಾತ್ರೆಯ ತುಂಬ ಮಜ್ಜಿಗೆ ಕಡೆಯುತ್ತಿದ್ದ ನನ್ನ ಅಜ್ಜಿ. ಅವಳನ್ನು ನಾವು ಬೀದರ್ ಕಡೆಯ ರೂಢಿಯಂತೆ ಆಯಿ ಎನ್ನುತ್ತಿದ್ದೆವು. ರೈಲ್ವೆ ನೌಕರಿ ಸಿಕ್ಕ ಅಜ್ಜನ ಬೆನ್ನಿಗೆ ಬೀದರಿನಿಂದ ಬಂದವಳು. ಆ ಮಜ್ಜಿಗೆ ಮನೆಯವರಿಗಲ್ಲ. ಬೇಸಿಗೆಯಲ್ಲಿ ನಮ್ಮ ಚರ್ಚಿನ ಹೆಂಗಸರು ಸಿಕಂದರಾಬಾದ್ ಸ್ಟೇಷನ್ನಿನ ಹೊರಗೆ ಚಪ್ಪರ ಹಾಕಿ, ರೈಲು ಇಳಿದು ಬಂದವರಿಗೆಲ್ಲ ನೀರು, ಮಜ್ಜಿಗೆ ಕೊಡುತ್ತಿದ್ದರು. ಆಯಿ ಮಾಡಿ ಕಳಿಸುತ್ತಿದ್ದಳೇ ಹೊರತು ತಾನು ಚಪ್ಪರಕ್ಕೆ ಹೋದವಳಲ್ಲ. ನಮ್ಮದು ತೆಲುಗಿನವರ ಚರ್ಚು. ಬಂದು ಅಷ್ಟು ವರ್ಷ ಕಳೆದಿದ್ದರೂ ಅವಳ ತೆಲುಗು ಕನ್ನಡದಂತೆಯೇ ಕೇಳಿಸುತ್ತಿತ್ತು. ಯಾರಾದರೂ ನಕ್ಕಾರು ಎಂಬ ಅಳುಕು. "ನನ್ನ ಮಾತು ಇಲ್ಲಿ ಯಾರಿಗ್ ಬೇಕಾಗ್ಯಾವ?" ಎಂದು ಸುಮ್ಮನಾಗುತ್ತಿದ್ದಳು.

ನನಗಾಗ ಒಂಬತ್ತು ವರ್ಷ. ಒಂದು ಮಧ್ಯಾಹ್ನ ನಮ್ಮ ಪಾದ್ರಿಗಳು ಆಟೋದಲ್ಲಿ ಒಬ್ಬ ಮುದುಕಿಯನ್ನು ಕರೆತಂದರು. ಪಾದ್ರಿಗಳನ್ನು ಎಲ್ಲರೂ ಅಯ್ಯಗಾರು ಎಂದೇ ಕರೆಯುತ್ತಿದ್ದರು. ಮುದುಕಿ ಬೆಳಗಿನಿಂದ ಚಪ್ಪರದ ಕೆಳಗೆ ಬಟ್ಟೆಗಂಟು ಅಪ್ಪಿಕೊಂಡು ಕೂತಿದ್ದಳಂತೆ. ತೆಲುಗಿನಲ್ಲಿ ಕೇಳಿದರೂ ಹಿಂದಿಯಲ್ಲಿ ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಆಯಿ ಅವಳೆದುರು ಕುಕ್ಕರಗಾಲಲ್ಲಿ ಕೂತು, "ಯಾವೂರವ್ವ ನಿಂದು?" ಎಂದಳು. ಅಷ್ಟೇ. ಮುದುಕಿ ಗಂಟು ಬಿಟ್ಟು ಆಯಿಯ ಎರಡೂ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟಳು.

"ಯಾದಗಿರಿ ಕಡೀಂದ ಬಂದೀನ್ರಿ ಯವ್ವಾ. ನನ್ನ ಮಗ ಬಿಲ್ಡಿಂಗ್ ಮ್ಯಾಲಿಂದ ಬಿದ್ದಾನಂತ. ಅದಾನೋ ಇಲ್ಲೋ, ಅದೂ ಗೊತ್ತಿಲ್ರಿ."

ಹೆಸರು ನಾಗಮ್ಮ. ಒಬ್ಬನೇ ಮಗ ಭೀಮಪ್ಪ ಹೈದರಾಬಾದಿನಲ್ಲಿ ಗೌಂಡಿ ಕೆಲಸಕ್ಕಿದ್ದ. ಆಗಿನ್ನೂ ಎಲ್ಲರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಅವನೇ ಆಗಾಗ ಊರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ ತಾಯಿಯನ್ನು ಕರೆಸುತ್ತಿದ್ದ. ಅವನು ಬಿದ್ದ ಸುದ್ದಿಯನ್ನು ಊರಿಗೆ ಮರಳಿದ ಯಾರೋ ಕೂಲಿಯವರು ತಂದಿದ್ದರು. ಆಮೇಲೆ ಫೋನೂ ನಿಂತುಹೋಯಿತು. ಅವನು ಎಲ್ಲಿ ಕೆಲಸ ಮಾಡುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ, ಬೇರೆಯವರ ಬಾಯಿಂದ ಕೇಳಿ ಸುದ್ದಿ ತಂದ ಆ ಕೂಲಿಯವರಿಗೂ ಗೊತ್ತಿರಲಿಲ್ಲ. "ಊರು ಇಷ್ಟು ದೊಡ್ಡದು ಇರತೈತಂತ ಯಾರ್ ಹೇಳ್ಯಾರ್ರಿ ನನಗ?" ಎಂದಳು. ಮರಳಿ ರೈಲು ಹತ್ತಿಸೋಣವೆಂದರೆ, ಮಗನ ಮುಖ ನೋಡದೆ ಕದಲುವುದಿಲ್ಲ ಎಂದು ಹಟ ಹಿಡಿದಳು. ಆಯಿ ಪಡಸಾಲೆಯಲ್ಲಿ ಅವಳಿಗೆ ಹಾಸಿಗೆ ಹಾಸಿದಳು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯಗಾರು ಸಭೆಗೆ ವಿಷಯ ತಿಳಿಸಿದರು. ಊಟವನ್ನೂ ಮಾಡದೆ ಜನ ಸ್ಕೂಟರ್ ಹತ್ತಿದರು. ಕೆಲವರು ಆಸ್ಪತ್ರೆಗಳಿಗೆ, ಉಳಿದವರು ಕಟ್ಟಡ ಏಳುತ್ತಿದ್ದ ಕಡೆಗಳಿಗೆ. ಸಂಜೆ ಎಲ್ಲರೂ ಬರಿಗೈಯಲ್ಲಿ ಬಂದರು. ಇಸ್ತ್ರಿ ಅಂಗಿಯ ಅಪರಿಚಿತರು ಬಂದು ಹೆಸರು ಹಿಡಿದು ವಿಚಾರಿಸಿದರೆ ಕೂಲಿಯವರು ಹೆದರಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವರ ಮಾತು ಬಲ್ಲವರೇ ಬೇಕಿತ್ತು. ಅಯ್ಯಗಾರು ಆಯಿಯ ಮುಖ ನೋಡಿದರು. ಆಯಿ ನಾಗಮ್ಮನ ಮುಖ ನೋಡಿದಳು. ಮುಂದಿನ ಭಾನುವಾರ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಯ್ಯಗಾರ ಸ್ಕೂಟರಿನ ಹಿಂದೆ ಕೂತೇಬಿಟ್ಟಳು. ಆದರೂ ಭೀಮಪ್ಪ ಸಿಗಲಿಲ್ಲ. ನಾಗಮ್ಮನ ಊಟ ಕಡಿಮೆಯಾಗುತ್ತ ಬಂತು. ದಿನವಿಡೀ ಬಾಗಿಲಿಗೆ ಕಣ್ಣು ನೆಟ್ಟು ಕೂರುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ನಾನು ಅವಳಿಗೆ ಚಹಾದ ಜೊತೆ ಬಿಸ್ಕತ್ತಿನ ಹೊಸ ಪೊಟ್ಟಣ ಬಿಚ್ಚಿ ಕೊಟ್ಟೆ. ಅವಳು ಅದನ್ನು ತಿನ್ನಲಿಲ್ಲ. ಮೂಗಿನ ಹತ್ತಿರ ಹಿಡಿದು ಕೂತುಬಿಟ್ಟಳು.

"ನನ್ನ ಮಗ ಫೋನಿನ್ಯಾಗ ಹೇಳಿದ್ದ. ಯವ್ವಾ, ನಾವ್ ಇರೋ ಕಡೆ ಗಾಳೀಗೂ ಬಿಸ್ಕೀಟಿನ ವಾಸನಿ ಐತಿ, ಭಾಳ ಹಸಿವಾಗತೈತಿ ಅಂತ."

ಆಯಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ನಾಚಾರಂ!" ಎಂದಳು. ಆ ಬಡಾವಣೆಯ ಕಾರ್ಖಾನೆಗಳ ಸಾಲಿನಲ್ಲಿ ಬಿಸ್ಕತ್ತು ಸುಡುವ ವಾಸನೆ ಯಾವ ತಿರುವಿನಲ್ಲಿ ಬರುತ್ತದೆಂದು ಬಸ್ಸಿನಲ್ಲಿ ಓಡಾಡಿದ ನಮಗೆಲ್ಲ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ಕೆಲಸಕ್ಕೆ ರಜೆ ಹಾಕಿ ಬಂದರು. ರಜೆಯ ದಿನಗಳಾದ್ದರಿಂದ ನಾನೂ ಆಟೋದಲ್ಲಿ ಆಯಿ ಮತ್ತು ನಾಗಮ್ಮನ ನಡುವೆ ತೂರಿಕೊಂಡೆ. ಎರಡು ಕಡೆ ಇಲ್ಲವೆಂದರು. ಮೂರನೆಯ ಕಟ್ಟಡದ ಮುಂದೆ ಆಯಿ ಇಳಿದು, ಸೊಂಟದ ಮೇಲೆ ಕೈಯಿಟ್ಟು, ನಾನೆಂದೂ ಕೇಳಿರದ ದನಿಯಲ್ಲಿ ಕೂಗಿದಳು: "ಯಾದಗಿರಿ ಭೀಮಪ್ಪ ಅದಾನೇನ್ರೋ ಇಲ್ಲಿ? ಅವರವ್ವ ಬಂದಾಳ!"

ಸಾರವೆಯ ಮೇಲಿದ್ದವರ ಕೈಗಳು ನಿಂತವು. ಹಿಂದಿನ ತಗಡಿನ ಶೆಡ್ಡಿನಿಂದ, ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಒಬ್ಬ ತರುಣ ಕೋಲೂರಿಕೊಂಡು ಹೊರಗೆ ಬಂದ. ನಾಗಮ್ಮ ಓಡಿದಳು. ಮೊದಲು ಅವನ ಬೆನ್ನಿಗೆ ಎರಡು ಗುದ್ದು ಕೊಟ್ಟು, ಆಮೇಲೆ ತಬ್ಬಿಕೊಂಡಳು.

"ಒಂದು ಫೋನ್ ಮಾಡಾಕ ಏನಾಗಿತ್ತೋ ನಿನಗ?"

"ಬಿದ್ದೀನಂದ್ರ ನೀ ಅಳ್ತಿದ್ಯಲ್ಲ ಯವ್ವಾ," ಎಂದ ಅವನು, ತಾನೇ ಅಳುತ್ತ.

ಮೇಲಿದ್ದವರು ಕಬ್ಬಿಣದ ಸರಳಿಗೆ ಕರಣೆ ಬಡಿದು ಸದ್ದೆಬ್ಬಿಸಿದರು. ನಮ್ಮ ಸ್ಕೂಟರುಗಳು ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತ, ತಾಯಿ ಮಗನಿದ್ದ ಆಟೋವನ್ನು ಮದುವೆ ಮೆರವಣಿಗೆಯಂತೆ ಚರ್ಚಿಗೆ ತಂದವು. ಭಾನುವಾರವಲ್ಲದ ದಿನ ಅಯ್ಯಗಾರು ತಾವೇ ಹಗ್ಗ ಎಳೆದು ಗಂಟೆ ಬಾರಿಸಿದರು. ಓಣಿಯ ಜನ ಏನಾಯಿತೆಂದು ಓಡಿಬಂದರು. ಕೇಳಿದವರಿಗೆಲ್ಲ ಆಯಿ ತನ್ನ ಅದೇ ತೆಲುಗಿನಲ್ಲಿ ಇಡೀ ಕಥೆ ಹೇಳಿದಳು. ಒಬ್ಬರೂ ನಗಲಿಲ್ಲ. ಇನ್ನೊಮ್ಮೆ ಹೇಳಿ ಎಂದರು.

ಪ್ಲಾಸ್ಟರ್ ಬಿಚ್ಚುವವರೆಗೆ ತಾಯಿ ಮಗ ಚರ್ಚಿನ ಹಿಂದಿನ ಕೋಣೆಯಲ್ಲಿ ಉಳಿದರು. ಊರಿಗೆ ಹೊರಡುವ ಮುನ್ನ ನಾಗಮ್ಮ ನಮ್ಮ ಅಂಗಳದಲ್ಲಿ ಒಲೆ ಹೂಡಿ ಇಡೀ ಸಭೆಗೆ ಜೋಳದ ರೊಟ್ಟಿ ಬಡಿದಳು. ಆ ತಟಪಟ ಸದ್ದಿಗೆ ಓಣಿಯ ಮಕ್ಕಳೆಲ್ಲ ಸುತ್ತ ನೆರೆದಿದ್ದವು. ಅಂದಿನಿಂದ ಆಯಿ ಭಾನುವಾರದ ಮಧ್ಯಾಹ್ನ ಮನೆಯಲ್ಲಿ ಕೂತದ್ದನ್ನು ನಾನು ಕಾಣೆ. ಕಟ್ಟಡಗಳ ಶೆಡ್ಡುಗಳಲ್ಲಿ ಯಾರಿಗೆ ಜ್ವರ, ಯಾರ ಮಗು ಶಾಲೆಗೆ ಹೋಗಬೇಕು ಎಂದು ತಿಳಿದುಕೊಂಡು, ಚರ್ಚಿನವರನ್ನು ಎಳೆದುಕೊಂಡು ಹೋಗುತ್ತಿದ್ದಳು.

ಆ ಮನೆ ಈಗಿಲ್ಲ. ಅಲ್ಲಿ ಐದು ಅಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿದೆ. ಅದಕ್ಕೂ ಮೊದಲೇ, ಒಂದು ಏಪ್ರಿಲ್ಲಿನಲ್ಲಿ, ಆಯಿ ಹೊರಟುಹೋದಳು. ಅವಳನ್ನು ಅಂಗಳದಲ್ಲಿ ಮಲಗಿಸಿದ್ದಾಗ, ನನಗೆ ಗುರುತಿಲ್ಲದ ಮೂವತ್ತು ನಲವತ್ತು ಹೆಂಗಸರು, ಸೀರೆಯ ಮೇಲೆ ಸಿಮೆಂಟಿನ ಧೂಳು ಹಾಗೇ ಇದ್ದಂತೆ, ಕೆಲಸ ಬಿಟ್ಟು ಬಂದರು. ಸುತ್ತ ಕೂತು, ಅವಳು ತಮ್ಮ ತಮ್ಮ ಮನೆಗೆ ಮಾಡಿದ್ದನ್ನೆಲ್ಲ ಒಬ್ಬೊಬ್ಬರಾಗಿ ಹೇಳಿಕೊಂಡು, ತಮ್ಮೂರ ಧಾಟಿಯಲ್ಲಿ ಹಾಡಿ ಅಳತೊಡಗಿದರು. ಅವರು ಹೇಳಿದ್ದರಲ್ಲಿ ಅರ್ಧದಷ್ಟು ನಮಗೆ ಗೊತ್ತೇ ಇರಲಿಲ್ಲ. ಯಾರೋ ಸಮಾಧಿಗೆ ಹೊತ್ತಾಯಿತೆಂದು ಅಯ್ಯಗಾರಿಗೆ ಸನ್ನೆ ಮಾಡಿದರು. ಅವರು ಪ್ರಾರ್ಥನೆ ಶುರುಮಾಡಲಿಲ್ಲ. ಕೊನೆಯ ಹೆಂಗಸು ಹಾಡಿ ಮುಗಿಸುವವರೆಗೆ, ಬೈಬಲನ್ನು ಮುಚ್ಚಿ ಎದೆಗೆ ಹಿಡಿದುಕೊಂಡು, ಬಿಸಿಲಿನಲ್ಲೇ ನಿಂತಿದ್ದರು.