ಹೆಣದ ಉಸಿರು

ಬರ್ಲಿನ್ನಿನ ಪತ್ತೇದಾರಿ ಮೂಕಿಚಿತ್ರಗಳಲ್ಲಿ ಲೋಥಾರ್ ಕ್ರೌಸ್ಕೆಯಷ್ಟು ಸಲ ಕೊಲೆಯಾದವನು ಇನ್ನೊಬ್ಬನಿರಲಿಲ್ಲ. ವಿಷವಿರಲಿ, ಚೂರಿಯಿರಲಿ, ಕಮಕ್ ಕಿಮಕ್ ಎನ್ನದೆ ಬಿದ್ದಿರುತ್ತಿದ್ದ. ಆದರೆ ಎಂಥ ಗಟ್ಟಿಗನಾದರೂ ಎಷ್ಟು ಹೊತ್ತು ಉಸಿರು ಬಿಗಿಹಿಡಿದಾನು? ಪತ್ತೇದಾರ ಭೂತಗನ್ನಡಿ ಹಿಡಿದು ಒಂದು ಸುತ್ತು ಬರುವಷ್ಟರಲ್ಲಿ ಎದೆ ಏಳುತ್ತಿತ್ತು. ಫಿಲ್ಮಿನ ಆ ತುಣುಕನ್ನು ಕತ್ತರಿಸಿ ಎಸೆದು, ಅಲ್ಲೊಂದು ಮಾತು ಬರೆದ ಫಲಕ ಸೇರಿಸಿ ಅಂಟು ಹಚ್ಚುವುದು ಅವನ ಹೆಂಡತಿ ಒಟ್ಟೀಲಿಯ ಕೆಲಸ.

"ನಿನ್ನೆ ಮೂರು ಸಲ ಉಸಿರಾಡಿದೀಯ. ನೆಟ್ಟಗೆ ಸಾಯೋಕೂ ಬರಲ್ವಲ್ಲ ನಿಂಗೆ," ಎಂದು ಛೇಡಿಸುತ್ತಿದ್ದಳು.

"ಪೂರ್ತಿ ಸಾಯಿಸೋಕೆ ನೀನಿದೀಯಲ್ಲ ಮಾರಾಯ್ತಿ."

ಅದು ಮೊದಲನೆಯ ಮಹಾಯುದ್ಧದ ಕಾಲ, ಊರಿಗೂರೇ ಟರ್ನಿಪ್ ಗೆಡ್ಡೆ ತಿಂದು ಬದುಕಿದ ಚಳಿಗಾಲ. ಗಾಜಿನ ಮಾಡಿನ ಸ್ಟುಡಿಯೋದ ಕೊರೆಯುವ ನೆಲದ ಮೇಲೆ ಎರಡು ದಿನ ಹೆಣವಾಗಿ ಮಲಗಿದ ಲೋಥಾರ್‌ಗೆ ಎದೆ ಕಟ್ಟಿತು. ವಾರ ತುಂಬುವ ಮೊದಲೇ ಹೋಗಿಬಿಟ್ಟ. ಮಣ್ಣು ಮಾಡಿದ ಮರುದಿನವೇ ಒಟ್ಟೀಲಿ ಕೆಲಸಕ್ಕೆ ಬಂದಳು, ಬಾರದಿದ್ದರೆ ಹೊಟ್ಟೆಗೇನು?

ಮೇಜಿನ ಮೇಲೆ ಅವನ ಕೊನೆಯ ಆ ಚಿತ್ರವೇ ಇತ್ತು. ಫಿಲ್ಮ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೆಣದ ತುಟಿಯ ಬಳಿ ಸಣ್ಣ ಹಬೆ, ಎದೆ ಒಮ್ಮೆ ಎದ್ದು ಇಳಿದಿತ್ತು. ಕತ್ತರಿ ಎತ್ತಿದವಳಿಗೆ ಆಗ ಹೊಳೆಯಿತು: ಇಷ್ಟು ವರ್ಷದ ಅಷ್ಟೂ ಚಿತ್ರಗಳಲ್ಲಿ ಅವನು ಸತ್ತೇ ಇದ್ದಾನೆ. ಬದುಕಿದ್ದ ಒಂದೊಂದು ತುಣುಕನ್ನೂ ತಾನೇ ಹುಡುಕಿ ಹುಡುಕಿ ಬುಟ್ಟಿಗೆ ಎಸೆದಿದ್ದಳು. ಬುಟ್ಟಿಯ ಫಿಲ್ಮ್ ಚೂರೆಲ್ಲ ಕಾರ್ಖಾನೆಗೆ ಹೋಗಿ, ಕರಗಿ, ಯಾರದೋ ಬೂಟಿನ ಪಾಲಿಶ್ ಆಗಿತ್ತು. ಎಂಥ ಹಾಳು ಅಚ್ಚುಕಟ್ಟುತನ ನನ್ನದು ಎಂದುಕೊಂಡಳು.

ತುಣುಕನ್ನು ಕದ್ದು ಮನೆಗೆ ಒಯ್ಯಬಹುದಿತ್ತು. ಆದರೆ ಕೈಯಲ್ಲಿ ಹಿಡಿದರೆ ಎದೆ ಏಳುವುದಿಲ್ಲ. ಅದಕ್ಕೆ ಚಿತ್ರ ತೋರಿಸುವ ಯಂತ್ರವೇ ಬೇಕು. ಕತ್ತರಿ ಕೆಳಗಿಟ್ಟಳು. ಒಂದೊಂದು ಪ್ರತಿಯಲ್ಲೂ ಆ ಉಸಿರನ್ನು ಹಾಗೇ ಉಳಿಸಿದಳು.

ಚಿತ್ರ ತೆರೆಕಂಡ ಮರುದಿನ ಬೆಳಿಗ್ಗೆ ಮೇಲ್ವಿಚಾರಕ ಪೊಲ್ಟ್ಸಿನ್ ಅವಳ ಮೇಜಿನ ಮುಂದೆ ನಿಂತ.

"ಹೆಣ ಉಸಿರಾಡ್ತಿದೆಯಂತಲ್ಲಮ್ಮ. ಜನ ಬಿದ್ದು ಬಿದ್ದು ನಗ್ತಿದಾರೆ. ನಾಳೆ ಎಲ್ಲಾ ಪ್ರತಿ ವಾಪಸ್ ಬರ್ತವೆ. ನಿನ್ನ ಕೈಲಾಗಲ್ಲ ಅಂದ್ರೆ ಬೇರೆಯವರ ಹತ್ರ ಕತ್ತರಿಸ್ತೀನಿ."

"ಬೇಡ," ಎಂದಳು ಒಟ್ಟೀಲಿ. "ಬೇರೆಯವರ ಕತ್ತರಿ ತಾಗೋದು ಬೇಡ. ನಾನೇ ಮಾಡ್ತೀನಿ."

ಅಂದು ಮಧ್ಯಾಹ್ನ ಚಿತ್ರಮಂದಿರದಲ್ಲಿ ಮುಂದಿನ ಸಾಲಿನಲ್ಲೇ ಕೂತಳು. ಪತ್ತೇದಾರ ಬಗ್ಗಿದ, ಎದೆ ಎದ್ದಿತು, ಸಭೆ ಗೊಳ್ಳೆಂದಿತು. ಪಕ್ಕದ ಸಿಪಾಯಿ ಅವಳ ಮೊಣಕೈ ತಿವಿದ.

"ನೋಡಿದ್ರಾ ತಾಯಿ, ಕಳ್ಳ ಬದುಕೇ ಇದಾನೆ."

"ಹೂಂ," ಎಂದಳು. "ನಾಳೆವರೆಗೂ ಇದಾನೆ."